ಅಮ್ಮನ ಜೋಗುಳಕ್ಕೆ ಬಿದ್ದ ಬೀಗ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಸಾರಕ್ಕಿ ಮಾರುಕಟ್ಟೆಯಲ್ಲಿ ತರಕಾರಿಗಿಂತ ತಕ್ಕಡಿ ಹಿಡಿದ ಕೈಯನ್ನೇ ಹೆಚ್ಚು ನೋಡುತ್ತೇನೆ. ಬನಶಂಕರಿಯ ನಮ್ಮ ಮನೆಗೆ ಕಂಪ್ಯೂಟರ್ ಬಂದಾಗಲೂ, ಹೊಸ ಬಾಡಿಗೆದಾರನನ್ನು ನೋಡುವ ಹಾಗೆಯೇ ನೋಡಿದ್ದೆ. ಆದರೆ ಅನುಮಾನ ಪಡಬೇಕಾದ ಜಾಗದಲ್ಲಿ ಪಡಲಿಲ್ಲ.

ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲ ಹಾಡು ಅಜ್ಜಿಯದೇ ಆಗಬೇಕು. ಆಮೇಲೆ ಬೇಕಾದರೆ ಬೀದಿಯವರೆಲ್ಲ ಹಾಡಲಿ. ಅಮ್ಮನ ಗಂಟಲಿಗೆ ಆಪರೇಷನ್ ಎಂದಾಗ, ದನಿ ಉಳಿಯುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ತಮ್ಮನಿಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ. ಆದರೂ ಅಮ್ಮ ಹಟ ಹಿಡಿದು ಜಯನಗರದ ಒಂದು ಸ್ಟುಡಿಯೋಗೆ ಹೋಗಿ, ಇನ್ನೂ ಹುಟ್ಟದ ಮೊಮ್ಮಗುವಿಗೆ ಜೋಗುಳ ಹಾಡಿ ಬಂದಳು. ಸ್ಟುಡಿಯೋದವರು ಕೊಟ್ಟ ಸಿಡಿಯಿಂದ ತಮ್ಮ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ಡಾಕ್ಟರು ಹೇಳಿದ್ದೇ ಆಯಿತು. ಆಪರೇಷನ್ ಆದಮೇಲೆ ಅಮ್ಮನಿಗೆ ಬರೀ ಪಿಸುಮಾತು ಉಳಿಯಿತು.

ವರ್ಷಗಳು ಕಳೆದು ಸಿಡಿ ತೊದಲತೊಡಗಿತು.

"ಸಿಸ್ಟಮ್‌ನಲ್ಲಿ ಇದ್ಯಲ್ಲಕ್ಕ, ಇದ್ಯಾಕಿನ್ನು?" ಎಂದ ತಮ್ಮ ಅದಕ್ಕೆ ದಾರ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದ. ಹೊಳೆಯುವ ಸಿಡಿಗೆ ಪಾರಿವಾಳಗಳು ಹೆದರುತ್ತವೆಂದು ನಮ್ಮ ರಸ್ತೆಯ ಅರ್ಧ ಮನೆಗಳು ನಂಬಿದ್ದ ಕಾಲ ಅದು. ಬಿಸಿಲಿಗೆ ಅದರ ಬಣ್ಣವೇ ಹಾರಿಹೋಯಿತು.

ಅಷ್ಟರಲ್ಲಿ ತಮ್ಮನಿಗೆ ಮದುವೆಯಾಗಿ ಮಗಳು ಹುಟ್ಟಿದಳು. ತೊಟ್ಟಿಲು ಶಾಸ್ತ್ರದ ದಿನ ಹೂವು ಕಟ್ಟಿಯಾಯಿತು, ಸ್ಪೀಕರ್ ಜೋಡಿಸಿಯಾಯಿತು. ಅಮ್ಮ ಹೊಸ ಸೀರೆ ಉಟ್ಟು ತೊಟ್ಟಿಲ ಪಕ್ಕ ಕುಳಿತಿದ್ದಳು. ತಮ್ಮ ಹಾಡಿನ ಮೇಲೆ ಕ್ಲಿಕ್ ಮಾಡಿದ. ಹಾಡು ಬರಲಿಲ್ಲ. ಈ ಫೈಲ್ ನುಡಿಸಲು ನಿಮಗೆ ಹಕ್ಕಿಲ್ಲ ಎಂಬರ್ಥದ ಇಂಗ್ಲಿಷ್ ಸಾಲೊಂದು ಪರದೆಯ ಮೇಲೆ ಬಂತು.

"ವೈರಸ್ ಬಂತು ಅಂತ ಹೋದ ತಿಂಗಳು ಫಾರ್ಮ್ಯಾಟ್ ಮಾಡ್ಸಿದ್ಯಲ್ಲ, ಆ ಅಂಗಡಿಯವನೇ ಏನೋ ಮಾಡಿದಾನೆ," ಎಂದೆ. ನನ್ನ ಬುದ್ಧಿ ಮೊದಲು ಮನುಷ್ಯರ ಕಡೆಗೇ ಓಡುತ್ತದೆ.

"ಅವನದ್ದೇನಿಲ್ಲಕ್ಕ. ಫೈಲ್ ಬೇರೆ ಡ್ರೈವ್‌ನಲ್ಲಿತ್ತು, ಹಾಗೇ ಇದೆ," ಎಂದ ತಮ್ಮ. "ಸಿಡಿಯಿಂದ ಇಳಿಸ್ಕೊಳ್ಳುವಾಗ, ಕಂಪ್ಯೂಟರ್ ಜೊತೇಲೇ ಬಂದಿರೋ ಪ್ಲೇಯರ್ ತಾನೇ ಅದಕ್ಕೊಂದು ಬೀಗ ಹಾಕಿದೆ, ಯಾರೂ ಕದ್ದು ಕಾಪಿ ಮಾಡ್ಬಾರ್ದು ಅಂತ. ಫಾರ್ಮ್ಯಾಟ್ ಮಾಡ್ದಾಗ ಕೀ ಅಳಿಸಿಹೋಗಿದೆ."

ಯಾರು ಹಾಕೆಂದರು ಆ ಬೀಗ? ಯಾರ ಹಾಡೆಂದು ಒಮ್ಮೆಯಾದರೂ ಕೇಳಿತೇ? ನನಗೆ ಮೈಯೆಲ್ಲ ಉರಿಯಿತು. ದುಡ್ಡು ಕೊಟ್ಟು ತಂದ ಯಂತ್ರ ಇಷ್ಟು ವರ್ಷ ನಮ್ಮನ್ನೇ ಕಳ್ಳರೆಂದುಕೊಂಡು ನಮ್ಮ ಹಜಾರದಲ್ಲಿ ಕೂತಿತ್ತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಅಮ್ಮ ನನ್ನ ಸೆರಗು ಜಗ್ಗಿದಳು. "ನಾನ್ ಹಾಡಿದ್ದು ಕೇಳೋಕೆ ಯಾರ ಅಪ್ಪಣೆ ಬೇಕಂತೆ?" ಎಂದು ಪಿಸುಗುಟ್ಟಿದಳು.

ಉತ್ತರಕ್ಕೆ ಅವಳು ಕಾಯಲಿಲ್ಲ. ತೊಟ್ಟಿಲಿಗೆ ಬಗ್ಗಿ, ಮಗುವಿನ ಕಿವಿಯ ಹತ್ತಿರ ಬಾಯಿಟ್ಟು ಹಾಡತೊಡಗಿದಳು. ದನಿಯಿಲ್ಲ, ಉಸಿರು ಮಾತ್ರ. ಪಕ್ಕದಲ್ಲೇ ಇದ್ದ ನನಗೂ ಪದಗಳು ಕೇಳಿಸಲಿಲ್ಲ. ಕೈಕಾಲು ಬಡಿಯುತ್ತಿದ್ದ ಮಗು ಸುಮ್ಮನಾಗಿ ಅವಳನ್ನೇ ನೋಡಿತು.

ತಮ್ಮ ಮೆಲ್ಲಗೆ ಮೊಬೈಲ್ ತೆಗೆದು ರೆಕಾರ್ಡ್ ಮಾಡಲು ಅವಳ ಬಾಯಿಯ ಹತ್ತಿರ ಹಿಡಿದ. ಅಮ್ಮ ಹಾಡು ನಿಲ್ಲಿಸದೆ, ಅಂಗೈಯಿಂದ ಅದನ್ನು ಆಚೆ ತಳ್ಳಿದಳು.