ದಾನಿಯ ಸ್ಕೂಟರಿಗೆ ಚಾರ್ಜ್

ಗೆಳೆಯರೇ, ಇವತ್ತು ಬೆಳಿಗ್ಗೆ ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ವಿದ್ಯುತ್ ವಾಹನಗಳ ಎರಡು ಚಾರ್ಜಿಂಗ್ ಕೇಂದ್ರಗಳನ್ನು ನಗರಸಭೆಗೆ ದಾನ ಕೊಟ್ಟರು. ಹಾರ, ಚಪ್ಪಾಳೆ ಮುಗಿದು ಜನ ಚದುರಿದ ಮೇಲೆ ನೋಡಿದರೆ, ಅವರದೇ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಚಾರ್ಜ್ ಇರಲಿಲ್ಲ. ಹನ್ನೆರಡಕ್ಕೆ ಶ್ರೀರಾಮನಗರದಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ.

"ಇಲ್ಲೇ ಚಾರ್ಜಿಗೆ ಹಚ್ರಲ್ಲ," ಎಂದರು ಅವರ ಹೆಂಡತಿ.

"ದಾನ ಕೊಟ್ಟಿದ್ದನ್ನ ನಾವ ಬಳಸಬಾರದು. ಮನಿತನಕ ದಬ್ಬಿಕೊಂಡು ಹೋಗೂಣು."

"ಅಲ್ಲಿ ಕೂಸು ತೊಟ್ಟಿಲಾಗ, ನಾವಿಲ್ಲಿ ಬಿಸಲಾಗ ಗಾಡಿ ದಬ್ಕೋತ!"

ನಗರಸಭೆಯ ನೌಕರ ನಡುವೆ ಬಂದ. "ಸಾವ್ಕಾರ್ರ, ಈಗಿದು ಊರಿಂದ್ರಿ. ನೀವೂ ಊರವ್ರ ಅಲ್ಲೇನ್ರಿ?"

"ಕೊಟ್ಟ ಕೈ ಅದನ್ನ ಮುಟ್ಟಂಗಿಲ್ಲೋ ತಮ್ಮಾ."

ದಾನದ ನಿಯಮ ಎಲ್ಲಿಯವರೆಗೆ ಹೋಗುತ್ತದೆ ಎಂಬ ಕುತೂಹಲಕ್ಕೆ ನಾನು ಅಲ್ಲೇ ನಿಂತೆ. ಸಾಹುಕಾರರ ಹೆಂಡತಿ ಕೇಂದ್ರದ ಮೇಲಿದ್ದ ದಾನಿಯ ಹೆಸರಿನ ಫಲಕವನ್ನು ಸಾವಕಾಶವಾಗಿ ಓದಿ, ಚಾರ್ಜಿಂಗ್ ವೈರನ್ನು ಕೈಗೆತ್ತಿಕೊಂಡರು.

"ಇಲ್ನೋಡ್ರಿ, ಬೋರ್ಡಿನ್ಯಾಗ ನಿಮ್ಮೊಬ್ರ ಹೆಸರೈತಿ. ನಾ ಏನೂ ಕೊಟ್ಟಿಲ್ಲ," ಎಂದು ತಾವೇ ಅದನ್ನು ಸ್ಕೂಟರಿಗೆ ಸಿಕ್ಕಿಸಿದರು.

ನಾನೂ ಫಲಕವನ್ನು ಎರಡು ಸಲ ಓದಿದೆ. ಹೆಂಡತಿಯ ಹೆಸರು ಬಿಟ್ಟುಹೋದದ್ದರಿಂದ ಗಂಡನಿಗೆ ಅನುಕೂಲವಾದದ್ದನ್ನು ಇವತ್ತೇ ಮೊದಲು ಕಂಡದ್ದು.