ಬಿಟ್ಟುಬಿಟ್ಟ ಬಸ್ಸುಗಳು

ಮೊದಲ ಸಲ ಆದದ್ದು ಬಸ್ಸಿನಲ್ಲಿ. ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ಹೊರಟಿದ್ದೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಇತ್ತು. ದಾರಿ ಸಿಗದೆ ಬಸ್ಸು ತೆವಳುತ್ತಿತ್ತು. ಇದ್ದಕ್ಕಿದ್ದಂತೆ ಎದೆ ಬಿಗಿಯಿತು. ಬೆರಳು ಜುಮ್ಮೆಂದವು. ಉಸಿರು ಒಳಗೆ ಹೋಗುತ್ತಿತ್ತು, ಆದರೆ ಸಾಲುತ್ತಿರಲಿಲ್ಲ.

ಸಾಯುತ್ತಿದ್ದೇನೆ ಅಂದುಕೊಂಡೆ.

ಕಂಡಕ್ಟರ್ ಬಸ್ಸು ನಿಲ್ಲಿಸಿ ಇಳಿಸಿದರು. ಅಪ್ಪ ಬೈಕಿನಲ್ಲಿ ಬಂದು ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ, ಎಕೋ, ಥೈರಾಯ್ಡ್ ಟೆಸ್ಟ್. ಎಲ್ಲವೂ ನಾರ್ಮಲ್. ಅಪ್ಪ ಮಾತ್ರೆ ತರಲು ಹೋದಾಗ ಡಾಕ್ಟರ್ ಮೆಲ್ಲಗೆ ಹೇಳಿದರು: "ಹಾರ್ಟಿಗೆ ಏನೂ ಆಗಿಲ್ಲಮ್ಮ. ಇದು ಪ್ಯಾನಿಕ್ ಅಟ್ಯಾಕ್. ಥೆರಪಿಸ್ಟ್ ಒಬ್ಬರ ಹತ್ತಿರ ಮಾತಾಡಿ."

ಮನೆಯಲ್ಲಿ ಗ್ಯಾಸ್ಟ್ರಿಕ್ ಎಂದೆ. ಅವ್ವ ಜೀರಿಗೆ ಕಷಾಯ ಕುದಿಸಿದರು.

ಆಮೇಲೆ ಬಸ್ಸಿನ ಹಾರ್ನ್ ಕೇಳಿದರೂ ಅಂಗೈ ಬೆವರತೊಡಗಿತು. ನಾನು ಕೊಳ್ಳೇಗಾಲದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪ್ರಿನ್ಸಿಪಾಲರು ಮುಂದಿನ ತಿಂಗಳ ಕೊನೆಯವರೆಗೆ ಕಾಯುವುದಾಗಿ ಹೇಳಿದ್ದರು. ಅಷ್ಟರೊಳಗೆ ಬರದಿದ್ದರೆ ನನ್ನ ತರಗತಿಗಳು ಬೇರೆಯವರಿಗೆ. ದಿನವೂ ಅಪ್ಪನ ಬೈಕಿನ ಹಿಂದೆ ಕೂತು ಹೋಗುವಂತಿರಲಿಲ್ಲ, ಗದ್ದೆ ಕೆಲಸದ ಕಾಲ ಅದು. ಥೆರಪಿಸ್ಟ್ ಹತ್ತಿರ ಹೋಗೋಣವೆಂದರೆ ಮೈಸೂರಿಗೆ ಹೋಗಬೇಕು. ಬಸ್ಸಿನ ಭಯಕ್ಕೆ ಚಿಕಿತ್ಸೆ ಪಡೆಯಲು ಬಸ್ಸು ಹತ್ತಬೇಕು.

ಆನ್‌ಲೈನ್ ಥೆರಪಿ ಹುಡುಕಿದ್ದು ಆ ಕಾರಣಕ್ಕೆ. ಇನ್ನೊಂದು ಕಾರಣವೂ ಇತ್ತು. ನಮ್ಮ ಕಡೆ ಯಾವ ಆಸ್ಪತ್ರೆಯ ಬೆಂಚಿನಲ್ಲಿ ಕೂತರೂ ಪಕ್ಕದಲ್ಲಿ ಕೂತವರು ಒಂದಲ್ಲ ಒಂದು ರೀತಿ ಪರಿಚಯದವರಾಗಿರುತ್ತಾರೆ. ಫೋನಿನಲ್ಲಿ ಆ ಬೆಂಚು ಇರಲಿಲ್ಲ.

ಹಗಲು ಹೊತ್ತು ಬಾಗಿಲು ಹಾಕಿಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಕಾಲೇಜಿನ ಮೀಟಿಂಗ್ ಎಂದು ಹೇಳಿ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಕೂತೆ. ಮೊದಲ ದಿನ ಕ್ಯಾಮೆರಾ ಆನ್ ಮಾಡಲಿಲ್ಲ. ಮೈಸೂರಿನ ಥೆರಪಿಸ್ಟ್ ಮೇಡಂ ಒತ್ತಾಯಿಸಲಿಲ್ಲ. ನಾನು ಓದಿಕೊಂಡಿದ್ದ ಲಕ್ಷಣಗಳನ್ನೆಲ್ಲ ಇಂಗ್ಲಿಷಿನಲ್ಲಿ, ಕ್ರಮವಾಗಿ ಹೇಳಿದೆ. ಅವರು ಕೇಳಿಸಿಕೊಂಡು, "ಸರಿ. ಈಗ ಮೈಯಲ್ಲಿ ಎಲ್ಲಿ ಆಗ್ತಿದೆ, ಹೇಳಿ," ಎಂದರು. ನನ್ನ ಮುಖ ಅವರಿಗೆ ಕಾಣುತ್ತಿಲ್ಲ ಎಂಬ ಧೈರ್ಯದಿಂದಲೇ ಅತ್ತುಬಿಟ್ಟೆ.

ಕೆಲವು ವಾರ ಉಸಿರಾಟ, ಆಲೋಚನೆ, ಭಯದ ಏರಿಳಿತ ಇವುಗಳ ಬಗ್ಗೆ ಮಾತಾಡಿದೆವು. ಆಮೇಲೆ ಮೇಡಂ ಹೇಳಿದರು: "ಈಗ ಸ್ಟಾಪಿಗೆ ಹೋಗೋಣ. ಹತ್ತಬೇಡಿ. ಬಸ್ಸು ಬರಲಿ, ಹೋಗಲಿ. ನಾನು ಕಿವಿಯಲ್ಲಿ ಇರ್ತೀನಿ." ಮೈಸೂರಿನ ಕೋಣೆಯಲ್ಲಿ ಕೂತವರು ನಮ್ಮೂರ ಬಸ್ ಸ್ಟಾಪಿಗೆ ಬರಲು ಬೇರೆ ದಾರಿಯೇ ಇರಲಿಲ್ಲ.

ಹೀಗೆ ನಾನು ಬಸ್ಸುಗಳನ್ನು ಬಿಡತೊಡಗಿದೆ. ಕಿವಿಗೆ ಇಯರ್‌ಫೋನ್, ಕಣ್ಣು ಅರ್ಧ ಮುಚ್ಚಿ, ತುಟಿಯಲ್ಲೇ ಮಾತು. ಸ್ಟಾಪಿನ ಎದುರು ಅಂಗಡಿ ಇಟ್ಟಿರುವ ಪುಟ್ಟಮ್ಮಕ್ಕ ಎರಡು ದಿನ ನೋಡಿದರು. ಮೂರನೆಯ ದಿನ ಕೂಗಿದರು:

"ಏನವ್ವ, ಯಾವ್ ಬಸ್ಸೂ ನಿಂಗೆ ಇಡಿಸ್ನಿಲ್ವಾ?"

ನಕ್ಕುಬಿಟ್ಟೆ. ನಮ್ಮೂರಲ್ಲಿ ಹುಡುಗಿಯೊಬ್ಬಳು ಬಸ್ಸು ಬಿಟ್ಟು ಫೋನಿನಲ್ಲಿ ಪಿಸುಗುಟ್ಟಿದರೆ ಅದಕ್ಕೆ ಇರುವುದು ಒಂದೇ ಅರ್ಥ. ಅದು ನನಗೆ ಹೊಳೆಯಲೇ ಇಲ್ಲ. ನನ್ನ ಭಯದಲ್ಲಿ ನಾನಿದ್ದೆ.

ಭಯ ಶುರುವಾದ ಮೇಲೆ ಮೊದಲ ಸಲ ಬಸ್ಸು ಹತ್ತಬೇಕಾಗಿದ್ದ ದಿನ ಅವ್ವ ಸ್ಟಾಪಿಗೇ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಟ್ಟಗೆ ನನ್ನ ಕಡೆಗೇ.

"ಇದೇನಾ ಕೂಸು ನಿನ್ ಮೀಟಿಂಗು?" ಎನ್ನುತ್ತಾ ಒಂದು ಇಯರ್‌ಫೋನ್ ಕಿತ್ತು ತಮ್ಮ ಕಿವಿಗೆ ಇಟ್ಟುಕೊಂಡರು. "ಯಾರ್ಲಾ ನೀನು? ಯಾವೂರ್ಲಾ?"

ಇನ್ನೊಂದು ನನ್ನ ಕಿವಿಯಲ್ಲೇ ಇತ್ತು. "ನಮಸ್ಕಾರ ಅಮ್ಮ," ಎಂದರು ಮೇಡಂ.

ಅವ್ವ ನನ್ನ ಮುಖ ನೋಡಿದರು. "ಎಂಗ್ಸು ಕಣೆ ಇದು!"

"ನಾನು ಯಾರು ಅಂತ ನಿಮ್ಮ ಮಗಳೇ ಹೇಳಲಿ ಅಮ್ಮ. ಹೇಳೋದು ಬಿಡೋದು ಅವರಿಗೆ ಸೇರಿದ್ದು."

ಎದೆ ಬಡಿದುಕೊಳ್ಳುತ್ತಿತ್ತು. ದೂರದಲ್ಲಿ ಬಸ್ಸು ಕಾಣುತ್ತಿತ್ತು. ಸುಳ್ಳೊಂದನ್ನು ಹುಡುಕಿದೆ, ಸಿಗಲಿಲ್ಲ.

"ಗ್ಯಾಸ್ಟ್ರಿಕ್ ಅಲ್ಲ ಅವ್ವ. ಬಸ್ಸು ಅಂದ್ರೆ ಭಯ. ಸತ್ತೇ ಹೋಗ್ತೀನಿ ಅನ್ನಿಸ್ತದೆ. ಇವರು ಅದಕ್ಕೆ ಚಿಕಿತ್ಸೆ ಕೊಡ್ತಿದ್ದಾರೆ."

ಅವ್ವ ಇಯರ್‌ಫೋನಿಗೆ ಜೋರಾಗಿ ಕೇಳಿದರು: "ಫೋನಲ್ಲಿ ನಾಡಿ ಎಂಗ್ ನೋಡ್ತೀರವ್ವ?"

"ನಾಡಿ ಅವರೇ ನೋಡ್ಕೊಂಡು ನನಗೆ ಹೇಳ್ತಾರೆ ಅಮ್ಮ."

ಬಸ್ಸು ನಿಂತಿತು. "ನಾನೂ ಬತ್ತೀನಿ ನಡಿ," ಎಂದು ಅವ್ವ ಕೈ ಹಿಡಿದರು. ಆ ಕೈ ಬೇಕೆನಿಸಿತು. ಆದರೆ ಅವ್ವ ಜೊತೆಗಿದ್ದರೆ ಮಾತ್ರ ಬಸ್ಸು ಹತ್ತುವವಳಾಗಿಬಿಡುತ್ತೇನೆ ಎಂದು ಗೊತ್ತಿತ್ತು.

"ಬೇಡ ಅವ್ವ. ಒಬ್ಬಳೇ ಹೋಗ್ಬೇಕು."

ಅವ್ವನ ಕಿವಿಯಲ್ಲಿದ್ದ ಇಯರ್‌ಫೋನ್ ಮರಳಿ ಪಡೆದು, ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಪುಟ್ಟಮ್ಮಕ್ಕ ಅಂಗಡಿಯಿಂದ ಇಳಿದು ಬಂದು ಏನೋ ಕೇಳಿದರು. ಅವ್ವ ಯಾವುದನ್ನೂ ಮುಚ್ಚಿಡಲಿಲ್ಲ. ಅವರ ದನಿ ಇಡೀ ಬಸ್ಸಿಗೆ ಕೇಳಿಸಿತು:

"ಎದೆ ಗಾಬ್ರಿ ಕಣಕ್ಕ ನನ್ ಕೂಸ್ಗೆ. ಡಾಕ್ಟ್ರತ್ರ ಮಾತಾಡ್ತಾವ್ಳೆ. ನೀನು ಸುಮ್ಕಿರು."

ಇಷ್ಟು ದಿನ ಬಚ್ಚಿಟ್ಟದ್ದು ಬೀದಿಗೆ ಬಂದಿತ್ತು. ನಾಚಿಕೆಯಾಯಿತು. ನಾನು ಊಹಿಸಿದ್ದಷ್ಟಲ್ಲ.

ಪ್ರಿನ್ಸಿಪಾಲರು ನನ್ನ ತರಗತಿಗಳನ್ನು ನನಗೇ ಉಳಿಸಿದ್ದಾರೆ. ವಾಸಿಯಾಗಿದೆ ಎಂದು ಹೇಳಲಾರೆ. ಈಗಲೂ ಕೆಲವು ಬೆಳಿಗ್ಗೆ ಅಂಗೈ ಬೆವರುತ್ತದೆ. ಮೇಡಂ ಜೊತೆಗಿನ ಮಾತುಕತೆ ಮುಂದುವರಿದಿದೆ, ಕ್ಯಾಮೆರಾ ಆನ್ ಇರುತ್ತದೆ.

ಅಂದು ಕೊಳ್ಳೇಗಾಲ ತಲುಪುವ ಮೊದಲು ನೆಟ್‌ವರ್ಕ್ ಹೋಗಿ ಮೇಡಂ ದನಿ ನಿಂತುಹೋಯಿತು. ಇಳಿದುಬಿಡಬೇಕೆನಿಸಿತು. ಮುಂದಿನ ಸೀಟಿನ ಕಂಬಿ ಹಿಡಿದು, ಉಸಿರು ನಿಧಾನಕ್ಕೆ ಬಿಟ್ಟೆ.

ಇಳಿಯಲಿಲ್ಲ.