ಹಳೆಯ ಆಧಾರ್ ಕಾರ್ಡು, ಹೊಸ ಮೂಗು

ಗೆಳತಿಯರೇ, ನಾನು ಸ್ಕೂಟಿಯಿಂದ ಬಿದ್ದಿರಲಿಲ್ಲ. ಮೂಗು ನೆಟ್ಟಗಾಗಲಿ ಎಂದು ನಾನೇ ಆಪರೇಷನ್ ಮಾಡಿಸಿಕೊಂಡಿದ್ದೆ. ಓಣಿಯವರು ಆಡಿಕೊಂಡಾರೆಂದು ಮೂರು ವಾರದಿಂದ ಸುಳ್ಳು ಹೇಳುತ್ತಿದ್ದೆ.

ಇವತ್ತು ಇಳಕಲ್‌ನಿಂದ ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ, ಹೆಂಗಸರ ಫ್ರೀ ಟಿಕೆಟ್‌ಗೆಂದು ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರ್ ಫೋಟೋ ನೋಡಿದ, ಬಾತುಕೊಂಡ ನನ್ನ ಮುಖ ನೋಡಿದ.

"ಇದು ನಿಮ್ದಲ್ರೀ. ಮೂಗ ಬ್ಯಾರೆ ಐತಿ."

ಹಿಂದಿನ ಸೀಟಿನಲ್ಲಿದ್ದ ನಮ್ಮ ಓಣಿಯ ಶಾಂತಕ್ಕ ನನ್ನ ಪರ ನಿಂತಳು. "ಪಾಪ, ಸ್ಕೂಟಿ ಮ್ಯಾಲಿಂದ ಬಿದ್ದಾಳ್ರೀ. ಬಾವು ಬಂದೈತಿ."

ಕಂಡಕ್ಟರ್ ಒಪ್ಪಿದ. ಸುಮ್ಮನಿದ್ದರೆ ಸಾಕಿತ್ತು. ನನ್ನಿಂದ ಆಗಲಿಲ್ಲ.

"ಬಿದ್ದಿಲ್ರೀ. ಚಂದ ಕಾಣ್ಲಿ ಅಂತ ನಾನಽ ಮಾಡಿಸ್ಕೊಂಡೇನಿ."

ಇಡೀ ಬಸ್ಸು ತಿರುಗಿ ನನ್ನ ಮೂಗನ್ನೇ ನೋಡಿತು.

"ಸಾಲಿ ಬಿಟ್ಟಾಕಿಗೆ ಇದೊಂದು ಶೋಕಿ!" ಎಂದಳು ಶಾಂತಕ್ಕ, ನಾನು ಅರ್ಧಕ್ಕೇ ಶಾಲೆ ಬಿಟ್ಟದ್ದನ್ನು ಎತ್ತಿ.

"ಸಾಲಿ ಬಿಟ್ಟೇನಿ ಶಾಂತಕ್ಕ, ಕನ್ನಡಿ ಬಿಟ್ಟಿಲ್ಲ."

ಕಂಡಕ್ಟರ್ ಗೊಳ್ಳೆಂದು ನಕ್ಕು ಟಿಕೆಟ್ ಕೊಟ್ಟ. ಹುನಗುಂದದಲ್ಲಿ ಇಳಿಯುವಾಗ ಶಾಂತಕ್ಕ ನನ್ನ ಕಿವಿಯ ಹತ್ತಿರ ಬಂದಳು. "ಖರೆ ಹೇಳು, ನೋವು ಭಾಳ ಆತೇನು? ನನ್ನ ವಯಸ್ಸಿನಾಗೂ ಮಾಡ್ತಾರೇನು?"

ಬಾವು ಪೂರ್ತಿ ಇಳಿಯಲು ಒಂದು ವರ್ಷ ಬೇಕಂತೆ. ನಾನು ಅಷ್ಟು ಕಾಯುವವಳಲ್ಲ. ನಾಳೆ ಮುಂಜಾನೆ ಈ ಬಾತ ಮೂಗಿನೊಂದಿಗೇ ಹೊಸ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೊರಡುತ್ತೇನೆ.